ಚಪ್ಪಲಿ ಅಂಗಡಿಯೊಳಗಿನ ಒಂದು ಹೆಜ್ಜೆ

ಅಥವಾ ಆ ಚಪ್ಪಲಿಯ ಪಟ್ಟಿ ನೀಲಿಯೇ ಆಗಿರಲಿಲ್ಲವೇನೋ. ನೀಲಿ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಬಣ್ಣ ಗಟ್ಟಿಯಾಗಿದೆ. ಈಗ ನಮ್ಮ ಹಿತ್ತಿಲ ಬಾಗಿಲಲ್ಲಿ ಬಿದ್ದಿರುವ ಆ ಚಪ್ಪಲಿಯನ್ನು ಎತ್ತಿ ನೋಡಿದರೆ ಪಟ್ಟಿಗೆ ಯಾವ ಬಣ್ಣವೂ ಇಲ್ಲ, ಸಾಕಷ್ಟು ಮಳೆಗಾಲ ಕಂಡ ರಬ್ಬರಿನ ಹಾಗೆ ಬೂದು. ಅದರ ಪಕ್ಕದಲ್ಲಿರುವ ಇನ್ನೊಂದು ಅದರ ಜೋಡಿಯಲ್ಲ. ಒಂದು ನನ್ನ ಅಳತೆಯದು, ಇನ್ನೊಂದು ಯಾವನೋ ದೊಡ್ಡ ಕಾಲಿನವನದು. ಹಿತ್ತಿಲಿಗೆ ಹೋಗಿ ಬರಲು ಸಾಕು ಎಂದು ಹೆಂಡತಿ ಎರಡನ್ನೂ ಎಸೆಯದೆ ಬಿಟ್ಟಿದ್ದಾಳೆ. ಅವನ್ನು ಮೆಟ್ಟಿಕೊಂಡು ನಡೆದರೆ ಸ್ವಲ್ಪ ಕುಂಟಿದ ಹಾಗೆ ಕಾಣುತ್ತದೆ. ಕುಂಟುವುದಿಲ್ಲ, ಕಾಣುತ್ತದೆ ಅಷ್ಟೆ.

ಇವು ಬಂದದ್ದು ಕೊಪ್ಪದ ಹಮೀದಣ್ಣನ ಅಂಗಡಿಯ ಎದುರಿನ ರಾಶಿಯಿಂದ. ಅದು ಚಪ್ಪಲಿ ಅಂಗಡಿ. ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕಿತ್ತು. ನೀವು ಆ ಕಾಲದಲ್ಲಿ ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಪೇಟೆಯ ಕಡೆ ಹತ್ತಿದ್ದರೆ ಎಡಗಡೆ ಹೆಂಚಿನ ಸಾಲು ಅಂಗಡಿಗಳಲ್ಲಿ ಒಂದರ ಮುಂದೆ ಮಾತ್ರ ಮದುವೆಮನೆಯ ಹಾಗೆ ಚಪ್ಪಲಿ ಬಿದ್ದಿರುವುದನ್ನು ನೋಡಿರುತ್ತೀರಿ. ವ್ಯಾಪಾರ ಬಹಳ ಜೋರು ಎಂದುಕೊಂಡಿರುತ್ತೀರಿ. ಅದರಲ್ಲಿ ಅರ್ಧ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ. ಹೊಸದನ್ನು ಕೊಂಡ ಖುಷಿಯಲ್ಲಿ ಹಳೆಯದನ್ನು ಬಿಟ್ಟು ಹೋದವರು, ಅವಸರದಲ್ಲಿ ಪಕ್ಕದವರದನ್ನು ಮೆಟ್ಟಿಕೊಂಡು ಹೋದವರು, ನನ್ನ ಹಾಗೆ ಒಂದು ಸರಿಯಾಗಿ ಒಂದು ತಪ್ಪಾಗಿ ಮೆಟ್ಟಿಕೊಂಡು ಹೋದವರು, ಎಲ್ಲರ ಪಾಲೂ ಅಲ್ಲಿತ್ತು.

ಕಾರಣ ಒಳಗಿನ ಹೆಜ್ಜೆ.

ಹಮೀದಣ್ಣನ ತಂದೆಯ ಕಾಲದಲ್ಲಿ ಅಂಗಡಿಯ ಮಣ್ಣಿನ ನೆಲ ತೆಗೆದು ಸಿಮೆಂಟ್ ಹಾಕಿಸಿದರಂತೆ. ಮೇಸ್ತ್ರಿ ನೆಲವನ್ನು ನುಣುಪು ಮಾಡುತ್ತ ಹಿಂದೆ ಹಿಂದೆ ಸರಿದು ಹೊಸ್ತಿಲು ದಾಟಿ ಹೊರಗೆ ಬಂದ. ಹಲಗೆ ಬಾಗಿಲು ಜೋಡಿಸಿ ಬೀಗ ಹಾಕಿದರು. ಬೆಳಿಗ್ಗೆ ತೆಗೆದು ನೋಡಿದರೆ ನಡುನೆಲದಲ್ಲಿ ಒಂದು ಹೆಜ್ಜೆ. ಎಡಗಾಲಿನದು, ಬರಿಗಾಲಿನದು, ಹೆಂಗಸಿನದು. ಇಷ್ಟಕ್ಕೆ ಎಲ್ಲರೂ ಒಪ್ಪಿದರು. ಅದರ ಹಿಂದೊಂದು ಹೆಜ್ಜೆ ಇಲ್ಲ, ಮುಂದೊಂದು ಹೆಜ್ಜೆ ಇಲ್ಲ. ಹೊಸ್ತಿಲಿನಿಂದ ಅಲ್ಲಿಗೆ ಒಂದೇ ಸಲ ಕಾಲು ಚಾಚಬೇಕಾದರೆ ಆ ಹೆಂಗಸು ತೆಂಗಿನಮರದಷ್ಟು ಎತ್ತರ ಇರಬೇಕು.

ಶೃಂಗೇರಿಯ ಕಡೆಯವರು ಅದು ಅಮ್ಮನೇ ಎಂದರು. ಊರಿಗೆ ಹೋಗುವ ದಾರಿಯಲ್ಲಿ ಕೊಪ್ಪದಲ್ಲಿ ಕಾಲಿಟ್ಟಿದ್ದಾಳೆ, ಒಂದೇ ಹೆಜ್ಜೆ ಯಾಕೆಂದರೆ ಇನ್ನೊಂದು ಹೆಜ್ಜೆಗೆ ಶೃಂಗೇರಿ ಮುಟ್ಟಿದ್ದಾಳೆ. ಬಸರೀಕಟ್ಟೆಯ ಎಸ್ಟೇಟಿನವರು ಅದು ತಮ್ಮ ಚೌಡಿ, ಕಾಡಿನಿಂದ ಪೇಟೆ ನೋಡಲು ಇಳಿದವಳು ಎಂದರು. ಹಮೀದಣ್ಣನ ತಂದೆ, ಯಾರೋ ಪುಣ್ಯವಂತೆ, ಹೆಸರು ಕೇಳುವುದು ಮರ್ಯಾದೆಯಲ್ಲ ಎಂದರಂತೆ. ನಮ್ಮ ವಿಜ್ಞಾನದ ಮೇಷ್ಟ್ರು ಮಾತ್ರ ಇದನ್ನೆಲ್ಲ ಒಪ್ಪುತ್ತಿರಲಿಲ್ಲ. ಅವರ ಪ್ರಕಾರ ಮೇಸ್ತ್ರಿಯ ಹೆಂಡತಿ ಹೆಂಚು ಸರಿಸಿ, ಮಾಡಿನ ಪಕಾಸಿಗೆ ಹಗ್ಗ ಕಟ್ಟಿ, ಅದರಲ್ಲಿ ಜೋತು ಬಿದ್ದು, ಒಂದೇ ಕಾಲು ಊರಿ, ಮತ್ತೆ ಹಗ್ಗ ಹತ್ತಿ ಹೋಗಿದ್ದಾಳೆ. ಅದನ್ನು ನಂಬಲು ಉಳಿದೆಲ್ಲದಕ್ಕಿಂತ ಹೆಚ್ಚು ಭಕ್ತಿ ಬೇಕಾಗಿತ್ತು.

ಹೆಜ್ಜೆಯ ಸುತ್ತ ಹಮೀದಣ್ಣ ಒಂದು ಮರದ ಚೌಕಟ್ಟು ಇಟ್ಟಿದ್ದರು. ಒಂದು ಕಡೆ ಅವರ ದುಡ್ಡಿನ ಮೇಜು, ಇನ್ನೊಂದು ಕಡೆ ಎಸ್ಟೇಟ್ ಕೆಲಸದವರು ಕೊಳ್ಳುವ ಗಂಬೂಟುಗಳ ಸಾಲು. ಶುಕ್ರವಾರ ಹೆಂಗಸರು ಬಂದು ಒಂದೆರಡು ಹೂ ಇಡುತ್ತಿದ್ದರು. ಬಂದವರು ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಮಕ್ಕಳಿಗೊಂದು ಜೊತೆ ಚಪ್ಪಲಿಯನ್ನೂ ಕೊಳ್ಳುತ್ತಿದ್ದರು. ಹಮೀದಣ್ಣ ಕೈ ಮುಗಿಯುತ್ತಿರಲಿಲ್ಲ, ಬೇರೆಯವರು ಮುಗಿಯುವಾಗ ಬೆನ್ನು ಹಾಕಿ ನಿಲ್ಲುತ್ತಲೂ ಇರಲಿಲ್ಲ. ಬೆಳಿಗ್ಗೆ ಗುಡಿಸುವಾಗ ಹಳೆಯ ಹೂ ತೆಗೆದು ಹಿಂದಿನ ದಾಸವಾಳದ ಬುಡಕ್ಕೆ ಹಾಕುತ್ತಿದ್ದರು. ಯಾರೋ ಇಟ್ಟು ಹೋದದ್ದು, ನೋಡಿಕೊಳ್ಳುವುದು ತನ್ನ ಕೆಲಸ ಎನ್ನುವುದು ಅವರ ಲೆಕ್ಕ.

ಕಷ್ಟ ಇದ್ದದ್ದು ವ್ಯಾಪಾರದಲ್ಲಿ. ಚಪ್ಪಲಿ ಮೆಟ್ಟಿ ಒಳಗೆ ಬರಬಾರದು ಸರಿ, ಆದರೆ ಹೊಸ ಚಪ್ಪಲಿಯನ್ನು ಮೆಟ್ಟಿ ನಡೆದು ನೋಡದೆ ಯಾರು ಕೊಳ್ಳುತ್ತಾರೆ? ಇದರ ಮೇಲೆ ಒಂದು ಕಾಲದಲ್ಲಿ ದೊಡ್ಡ ಚರ್ಚೆ ಆಗಿತ್ತಂತೆ. ಹಮೀದಣ್ಣ ಕೊಟ್ಟ ತೀರ್ಪು ನನಗೆ ಈಗಲೂ ಸರಿ ಕಾಣುತ್ತದೆ:

"ಬೀದಿ ಮುಟ್ಟೋ ತನಕ ಅದು ಚಪ್ಪಲಿ ಅಲ್ಲ ಮಾರಾಯ. ಸಾಮಾನು."

ಹಾಗಾಗಿ ಸಾಮಾನನ್ನು ಮೆಟ್ಟಿಕೊಂಡು ಒಳಗೆಲ್ಲ ಓಡಾಡಬಹುದಿತ್ತು. ಹೊಸ್ತಿಲ ಹೊರಗೆ ಕಾಲಿಟ್ಟ ಕೂಡಲೇ ಅದು ಚಪ್ಪಲಿಯಾಗುತ್ತಿತ್ತು, ಚಿಲ್ಲರೆ ಮರೆತೆ ಎಂದು ಮತ್ತೆ ಒಳಗೆ ಬರಬೇಕಾದರೆ ಬಿಚ್ಚಬೇಕಾಗಿತ್ತು.

ಕೊಪ್ಪದವರು ಇಂಥದ್ದನ್ನೆಲ್ಲ ವಿಚಿತ್ರ ಎಂದುಕೊಳ್ಳುವುದಿಲ್ಲ. ಕಡಹಿನಬೈಲಿನಲ್ಲಿದ್ದ ನನ್ನ ಅತ್ತೆಯ ಮನೆಗೆ ಒಂದು ಬೆಳಿಗ್ಗೆ ಅಗಲ ಕುಂಕುಮದ ಹೆಂಗಸೊಬ್ಬಳು ಬಂದು ಕಾಫಿ ಸೋಸುವ ಜಾಲರಿ ಕೇಳಿದಳಂತೆ. ಅತ್ತೆ ಕೊಟ್ಟರು. ಅವಳು ಅಂಗಳ ದಾಟಿ ಹೋದ ಮೇಲೆ ನೋಡಿದರೆ ಒದ್ದೆ ಅಂಗಳದಲ್ಲಿ ಹೆಜ್ಜೆಯೇ ಮೂಡಿಲ್ಲ. ಅತ್ತೆ ಹೆದರಲಿಲ್ಲ. ಚೌಡಿ ಮನೆ ಬಾಗಿಲಿಗೆ ಬಂದಳು ಎಂದು ಹಿಗ್ಗಲೂ ಇಲ್ಲ. ಸಾಯುವವರೆಗೂ ಅವರಿಗಿದ್ದದ್ದು ಒಂದೇ ದೂರು, ಜಾಲರಿ ವಾಪಸು ಬರಲಿಲ್ಲ ಎಂಬುದು. ಅಂಗಳದಲ್ಲಿ ಮೂಡದ ಹೆಜ್ಜೆ ಹಮೀದಣ್ಣನ ಅಂಗಡಿಯಲ್ಲಿ ಮೂಡಿತು ಎಂದು ನಾನು ಒಮ್ಮೆ ಹೇಳಿದಾಗ ಅತ್ತೆ, ಹಾಗಾದರೆ ಜಾಲರಿಯೂ ಅಲ್ಲೇ ಇರಬೇಕು, ಒಂದು ಸಲ ಕೇಳಿ ನೋಡು ಎಂದರು. ನಾನು ಕೇಳಿದೆನೋ ಇಲ್ಲವೋ ನೆನಪಿಲ್ಲ. ಕೇಳಿದ್ದರೆ ಹಮೀದಣ್ಣ ಹುಡುಕಿರುತ್ತಿದ್ದರು.

ಇನ್ನೊಂದು ನಿಯಮವೂ ಇತ್ತು, ಮುಂದೆ ಆದದ್ದಕ್ಕೆಲ್ಲ ಅದೇ ಕಾರಣ. ಹೆಜ್ಜೆಯ ಫೋಟೋ ತೆಗೆಯಬಾರದು. ರೀಲಿನ ಕಾಲದಲ್ಲಿ ಸ್ಟುಡಿಯೋದವನೊಬ್ಬ ತೆಗೆದನಂತೆ. ತೊಳೆದು ನೋಡಿದರೆ ರೀಲು ಪೂರ್ತಿ ಬಿಳಿ, ಅದರಲ್ಲೇ ಇದ್ದ ಒಂದು ಮದುವೆಯೂ ಹೋಯಿತು. ಆ ಮದುವೆಯವರು ಸ್ಟುಡಿಯೋದವನನ್ನು ಬೈದಷ್ಟು ಯಾವ ಚೌಡಿಯೂ ಬೈಯುವುದಿಲ್ಲ. ಅಲ್ಲಿಂದಾಚೆ, ಫೋಟೋ ತೆಗೆದರೆ ಹೆಜ್ಜೆ ಮಾಸುತ್ತದೆ ಎಂದಾಯಿತು. ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು. ಕೊಪ್ಪದ ಜನ ತಿಂದ ದೋಸೆಯ ಫೋಟೋ ತೆಗೆದರು, ಬಿದ್ದ ಮರದ ಫೋಟೋ ತೆಗೆದರು, ಹರಿಹರಪುರದ ಹತ್ತಿರ ಕೆಟ್ಟು ನಿಂತ ಬಸ್ಸಿನ ಫೋಟೋ ತೆಗೆದು ಪರಸ್ಪರ ಕಳಿಸಿಕೊಂಡರು. ಹೆಜ್ಜೆಯದು ಒಬ್ಬರೂ ತೆಗೆಯಲಿಲ್ಲ.

ನನಗೆ ಶೃಂಗೇರಿಯಲ್ಲಿ ಕೆಲಸ. ವರ್ಷಗಟ್ಟಲೆ ದಿನಾ ಬೆಳಿಗ್ಗೆ ಬಸ್ಸು ಬರುವವರೆಗೆ ಹಮೀದಣ್ಣನ ಮೇಜಿನ ಪಕ್ಕದ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಆ ಹೆಜ್ಜೆಯನ್ನು ನೋಡಿದಷ್ಟು ಹೊತ್ತು ನನ್ನ ಮಕ್ಕಳ ಮುಖವನ್ನು ನೋಡಿದ್ದೇನೋ ಇಲ್ಲವೋ. ಆದ್ದರಿಂದಲೇ ನನ್ನನ್ನು ಸಾಕ್ಷಿಗೆ ಕರೆದರು.

ಆದದ್ದು ಹೀಗೆ. ಸಾಲು ಅಂಗಡಿಗಳು ಸುರೇಶ ಗೌಡರ ಮನೆಯವರವು. ಅವರು ಹೆಂಚಿನ ಕಟ್ಟಡ ಕೆಡವಿ ಹೊಸದು ಕಟ್ಟಲು ಹೊರಟರು. ಹಳೆಯ ಬಾಡಿಗೆದಾರರೆಲ್ಲರಿಗೂ ಹೊಸದರಲ್ಲಿ ಜಾಗ ಉಂಟು ಎಂದರು, ಅದರಲ್ಲಿ ಸುಳ್ಳೇನೂ ಇರಲಿಲ್ಲ. ಹಮೀದಣ್ಣನಿಗೆ ತೋರಿಸಿದ ಜಾಗ ಮಾತ್ರ ಮಹಡಿಯ ಮೇಲಿತ್ತು. ಕೆಳಗಿನ ಮುಂದಿನ ಅಂಗಡಿಯನ್ನು ಮೊಬೈಲ್ ಮಾರುವವರು ಕೇಳಿದ್ದರು. ಈಗ ನೀವೇ ಹೇಳಿ, ಚಪ್ಪಲಿ ಕೊಳ್ಳಲು ಮಹಡಿ ಹತ್ತುವವರು ಯಾರು? ಬಸ್ಸಿನಿಂದ ಇಳಿದು, ಕಿತ್ತುಹೋದ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಕಣ್ಣಿಗೆ ಬಿದ್ದ ಮೊದಲ ಅಂಗಡಿಗೆ ನುಗ್ಗುವುದು ಚಪ್ಪಲಿ ಕೊಳ್ಳುವ ಕ್ರಮ. ಮಹಡಿ ಎಂದರೆ ಹಮೀದಣ್ಣನ ಪಾಲಿಗೆ ಅಂಗಡಿ ಮುಚ್ಚಿದ ಹಾಗೆಯೇ. ಅವರು ಬೇರೆ ಕೆಲಸ ಕಲಿತವರಲ್ಲ, ಕಲಿಯುವ ವಯಸ್ಸೂ ಅಲ್ಲ.

ಇದಕ್ಕೆ ಅಡ್ಡ ಬಂದವರು ಸುರೇಶ ಗೌಡರ ತಾಯಿ ಸೀತಮ್ಮ. ಊರೆಲ್ಲ ಅವರನ್ನು ಗೌಡ್ರಮ್ಮ ಎನ್ನುತ್ತದೆ. ಹೆಜ್ಜೆಯನ್ನು ಕತ್ತರಿಸಿ ತೆಗೆದಿಟ್ಟು, ಹೊಸ ನೆಲದಲ್ಲಿ ಮತ್ತೆ ಅದೇ ಜಾಗದಲ್ಲಿ ಕೂರಿಸಬೇಕು ಎಂದು ಅವರು ಹೇಳಿದರು. ಮಗ ಒಪ್ಪಿದರು, ಆದರೆ ಅಂಗಡಿ ಹಮೀದಣ್ಣನಿಗೇ ಕೊಡಬೇಕೆಂದು ಎಲ್ಲಿದೆ ಎಂದರು. ಆಗ ಗೌಡ್ರಮ್ಮ ಒಂದು ಮಾತು ಹೇಳಿದರಂತೆ. ಅಮ್ಮ ಒಳಗೆ ಬರುತ್ತಿದ್ದವಳಾದರೆ ಆ ಅಂಗಡಿಯನ್ನು ಹುಡುಕಿಕೊಂಡು ಬಂದವಳು, ಅಂಗಡಿ ಅಲ್ಲೇ ಇರಬೇಕು. ಹೊರಗೆ ಹೋಗುತ್ತಿದ್ದವಳಾದರೆ ಅವಳೇ ಬಿಟ್ಟುಹೋದ ಅಂಗಡಿ, ಯಾರಿಗಾದರೂ ಕೊಡು. ಸುರೇಶ ಗೌಡರು ಇದಕ್ಕೂ ಒಪ್ಪಿದರು. ನೋಡಿದರೆ ತಿಳಿಯುವ ವಿಷಯ, ಇದರಲ್ಲಿ ಜಗಳವೇನು ಎಂದು ಎಲ್ಲರಿಗೂ ಅನ್ನಿಸಿತು.

ಮೇಸ್ತ್ರಿ ಶೇಖರ ಕಟಿಂಗ್ ಮೆಷಿನ್ ಇಟ್ಟು ಹೆಜ್ಜೆಯನ್ನು ಚೌಕವಾಗಿ, ಹಪ್ಪಳದ ಹಾಗೆ ನಾಜೂಕಾಗಿ ತೆಗೆದ. ನಾಲ್ಕು ಬದಿಯೂ ಸಮ. ಬಾಗಿಲ ಕಡೆ ಯಾವುದು ಎಂದು ತಿಳಿಯಲು ಸೀಮೆಸುಣ್ಣದಲ್ಲಿ ಒಂದು ಬಾಣದ ಗುರುತು ಹಾಕಿ, ಚಪ್ಪಡಿಯನ್ನು ಪಕ್ಕದ ಶೆಡ್ಡಿನಲ್ಲಿ ಇಟ್ಟ. ಶುಕ್ರವಾರದ ಹೆಂಗಸರು ಬಂದು ನೋಡಿದರು. ಧೂಳು ಮೆತ್ತಿಕೊಂಡಿತ್ತು. ಅರಿಶಿನದ ನೀರು ಹಾಕಿ, ತೆಂಗಿನ ನಾರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆದರು. ಅಷ್ಟು ಹೊತ್ತಿಗೆ ಹಳೆಯ ಕಟ್ಟಡ ನೆಲಸಮವಾಗಿತ್ತು.

ಹೊಸ ಅಂಗಡಿಗೆ ನೆಲ ಹಾಕುವ ಹೊತ್ತಿಗೆ ಒಂದು ಭಾನುವಾರ ಮಧ್ಯಾಹ್ನ ನನಗೆ ಕರೆ ಬಂತು. ಹೋಗಿ ನೋಡಿದರೆ ಎರಡು ಇಟ್ಟಿಗೆಯ ಮೇಲೆ ಚಪ್ಪಡಿ, ಅದರ ಸುತ್ತ ಜನ. ಗೌಡ್ರಮ್ಮ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಶಟರು ಇನ್ನೂ ಕೂರಿಸಿರದ ಬಾಗಿಲಲ್ಲಿ, ರಸ್ತೆ ನೋಡುತ್ತ, ಹಮೀದಣ್ಣ.

ಬಾಣದ ಗುರುತು ತೊಳೆದುಹೋಯಿತು ಎಂದು ಶೇಖರ ಹೆಂಗಸರ ಮೇಲೆ ದೂರುತ್ತಿದ್ದ. ಹೆಂಗಸರಲ್ಲಿ ಒಬ್ಬಾಕೆ ಶಾಂತವಾಗಿ ಹೇಳಿದಳು:

"ಅಮ್ಮನ ಕಾಲಿಗೆ ಧೂಳು ಮೆತ್ತಿದ್ರೆ ಹಂಗೇ ಬಿಡ್ಲಿಕ್ಕೆ ಆಗ್ತದಾ? ನಿನ್ನ ಬಾಣ ಗಟ್ಟಿ ಬಣ್ಣದಲ್ಲಿ ಹಾಕ್ಬೇಕಿತ್ತು."

ಬೆರಳುಗಳು ಯಾವ ಕಡೆಗಿದ್ದವು ಎಂದು ಅಲ್ಲಿದ್ದವರೆಲ್ಲರನ್ನೂ ಆಗಲೇ ಕೇಳಿ ಮುಗಿಸಿದ್ದರು. ಎದುರಿನ ಹೋಟೆಲಿನವರು ಒಳಗೆ ಎಂದಿದ್ದರು, ಪಕ್ಕದ ದರ್ಜಿ ಹೊರಗೆ ಎಂದಿದ್ದ. ಬಸ್ ಏಜೆಂಟ್ ಎರಡೂ ಅಲ್ಲ, ಓರೆಯಾಗಿ ಬಸ್ ಸ್ಟ್ಯಾಂಡಿನ ಕಡೆ ಎಂದಿದ್ದ. ಮೊಬೈಲಿನಲ್ಲಿ ಹುಡುಕೋಣವೆಂದರೆ ಕೊಪ್ಪದ ಯಾರ ಮೊಬೈಲಿನಲ್ಲೂ ಅದಿಲ್ಲ. ಸುರೇಶ ಗೌಡರು ನನ್ನ ಹೆಗಲ ಮೇಲೆ ಕೈ ಹಾಕಿದರು. ನಾವಿಬ್ಬರೂ ಒಂದೇ ಶಾಲೆಯವರು.

"ನೀನು ಹೇಳು ಮಾರಾಯ. ದಿನಾ ಇಲ್ಲೇ ಕೂರ್ತಿದ್ದೆ. ಅದ್ರ ಮೇಲೆ ಬರೆಯೋನು ಬೇರೆ. ನಿಂಗೆ ನೆನಪಿಲ್ದೆ ಯಾರಿಗೆ?"

ಬರೆಯುವವರಿಗೆ ಚೆನ್ನಾಗಿ ನೆನಪಿರುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತೋ. ಅಂಗಡಿಯಲ್ಲಿ ಮೂಡಿದ ಹೆಜ್ಜೆಗಿಂತ ಅದು ಹೆಚ್ಚು ಆಧಾರವಿಲ್ಲದ್ದು. ಹಿಂದಿನ ದಿನ ಅಡಿಗೆಗೆ ಏನು ಮಾಡಿದ್ದರೆಂದು ಕೇಳಿದರೂ ನಾನು ಹೆಸರು ಕೇಳಲು ಚೆನ್ನಾಗಿರುವ ತರಕಾರಿಯನ್ನು ಹೇಳುವವನು. ಆದರೂ ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಮೊದಲು ಬೆಂಚು ಬಂತು. ನಾನು ಬೆಂಚಿನ ಮೇಲೆ ಬಾಗಿಲ ಕಡೆ ಮುಖ ಮಾಡಿ ಕೂತಿದ್ದೇನೆ, ಹೆಜ್ಜೆ ಮುಂದಿದೆ, ಐದು ಬೆರಳೂ ನನ್ನ ಕಡೆಗೆ. ಅಂದರೆ ಒಳಗೆ. ಬಾಯಿ ತೆರೆಯುವುದರಲ್ಲಿದ್ದೆ, ಅಷ್ಟರಲ್ಲಿ ಇನ್ನೊಂದು ಬಂತು. ನಾನು ಸಣ್ಣವನು, ಹೊಸ್ತಿಲಲ್ಲಿ ಬರಿಗಾಲಲ್ಲಿ ನಿಂತಿದ್ದೇನೆ, ಒಳಗೆ ಕಾಲಿಡಲು ಅಳುಕು. ಆಗಲೂ ಬೆರಳುಗಳು ನನ್ನ ಕಡೆಗೇ ಇವೆ, ಎದುರುಬದುರು ನಿಂತು ಮಾತಾಡುವವರ ಹಾಗೆ. ಅಂದರೆ ಹೊರಗೆ. ಎರಡೂ ಸ್ಪಷ್ಟವಾಗಿವೆ, ಎರಡರಲ್ಲೂ ಸಿಮೆಂಟಿನ ಸಣ್ಣ ಬಿರುಕು ಕೂಡ ಕಾಣುತ್ತದೆ. ನಾನು ಎಲ್ಲಿ ನಿಂತರೂ ಅವಳು ನನ್ನ ಕಡೆಗೇ ಬರುತ್ತಿದ್ದಳು. ಇಷ್ಟು ವರ್ಷ ನಾನು ನೋಡಿದ್ದು ಹೆಜ್ಜೆಯನ್ನೋ ನನ್ನನ್ನೋ ಎಂದು ಅನುಮಾನ ಹುಟ್ಟಿತು.

ನರಸಿಂಹರಾಜಪುರದಲ್ಲಿರುವ ಅಕ್ಕನಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಸಣ್ಣವರಿದ್ದಾಗ ನನ್ನನ್ನು ಕೈ ಹಿಡಿದು ಆ ಅಂಗಡಿಗೆ ಕರೆದುಕೊಂಡು ಹೋಗುತ್ತಿದ್ದವಳು ಅವಳು. ವಿಷಯ ಕೇಳಿ ಅವಳು ಯೋಚಿಸಲೂ ಇಲ್ಲ. "ಅದು ಯಾವಾಗ್ಲೂ ಆ ಕಡೆ ಹೋಗ್ತಾ ಇತ್ತು," ಎಂದಳು. ಯಾವ ಕಡೆ ಎಂದೆ. "ನನ್ನ ಬಿಟ್ಟು ಆ ಕಡೆ." ಮದುವೆಮನೆಯಲ್ಲಿ ತನಗೆ ಕೊನೆಯ ಪಂಕ್ತಿಯೇ ಸಿಗುತ್ತದೆ ಎಂದು ನಂಬಿರುವವಳು ಅಕ್ಕ. ಫೋನ್ ಇಟ್ಟೆ.

ಗೌಡ್ರಮ್ಮ ನನ್ನನ್ನೇ ನೋಡುತ್ತಿದ್ದರು. ಒಳಗೆ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು, ನನಗೆ ಹೇಳಬೇಕೆಂದೂ ಇತ್ತು. ಆದರೆ ಬಾಯಿಂದ ಬಂದದ್ದು ಗೊತ್ತಿಲ್ಲ ಎಂಬ ಮಾತು. ಇಷ್ಟು ವರ್ಷ ನೋಡಿ ಗೊತ್ತಿಲ್ಲವೇ ಎಂದು ಯಾರೋ ನಕ್ಕರು. ಎರಡು ಕಡೆಯವರಿಗೂ ಬೇಕಾದವನಾಗಿರಲು ಹೀಗೆ ಹೇಳುತ್ತಿದ್ದಾನೆ ಎಂದು ದರ್ಜಿ, ನನಗೆ ಕೇಳಿಸುವಷ್ಟು ಮೆಲ್ಲಗೆ, ಪಕ್ಕದವನಿಗೆ ಹೇಳಿದ. ಹೊಸ ಕಟ್ಟಡದ ಹಸಿ ಗಾರೆಯ ವಾಸನೆಯಲ್ಲಿ ನನಗೆ ಸ್ವಲ್ಪ ತಲೆ ಸುತ್ತಿದ ಹಾಗಾಯಿತು, ಅಥವಾ ಈಗ ಬರೆಯುವಾಗ ಹಾಗೆ ಅನ್ನಿಸುತ್ತಿದೆ.

ಉಳಿದವರು ಹಮೀದಣ್ಣ ಒಬ್ಬರೇ. ಅವರನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಕೇಳುವುದು ಸರಿಯಲ್ಲ ಎಂದು ಎಲ್ಲರಿಗೂ ಅನ್ನಿಸಿರಬೇಕು. ಕೊನೆಗೆ ಸುರೇಶ ಗೌಡರೇ ಕೇಳಿದರು, ಕೇಳುವಾಗ ಅವರ ದನಿಯಲ್ಲಿ ಗತ್ತೇನೂ ಇರಲಿಲ್ಲ:

"ನೀವು ಹೇಳಿ ಹಮೀದಣ್ಣ. ದಿನಾ ಗುಡಿಸಿದವರು ನೀವು. ನೀವು ಹೇಳಿದ್ದನ್ನ ನಾನು ಒಪ್ತೇನೆ."

ಹಮೀದಣ್ಣ ರಸ್ತೆಯಿಂದ ಕಣ್ಣು ತೆಗೆದು ಚಪ್ಪಡಿಯನ್ನು ನೋಡಿದರು.

"ನಾನು ಹೇಳೋದಿಲ್ಲ ಗೌಡ್ರೆ."

"ಯಾಕೆ?"

"ಒಳಗೆ ಅಂದ್ರೆ ಅಂಗಡಿ ಬೇಕು ಅಂತ ಹೇಳ್ದ ಅಂತೀರಿ. ಹೊರಗೆ ಅಂದ್ರೆ, ನನ್ನ ಹೊಟ್ಟೆಗೆ ನಾನೇ ಹೊಡ್ಕೊಂಡಂಗೆ. ಎರಡೂ ಬೇಡ. ನೀವೇ ತೀರ್ಮಾನ ಮಾಡಿ."

ಇಷ್ಟು ಹೇಳಿ ಮತ್ತೆ ರಸ್ತೆಯ ಕಡೆ ತಿರುಗಿದರು. ಬಸರೀಕಟ್ಟೆಯ ಜೀಪೊಂದು ಜನರನ್ನು ತುಂಬಿಕೊಂಡು ನಿಂತಿತ್ತು. ಅದು ಹೊರಟುಹೋಯಿತು. ಮೊಬೈಲ್ ಅಂಗಡಿಯ ಕಡೆಯಿಂದ ಬಂದಿದ್ದ ಯುವಕ ಮೊಬೈಲನ್ನು ಜೇಬಿಗೆ ಹಾಕಿಕೊಂಡು ನೆಲ ನೋಡುತ್ತ ನಿಂತಿದ್ದ.

ಗೌಡ್ರಮ್ಮ ಕುರ್ಚಿಯ ಕೈ ಹಿಡಿದು ಎದ್ದರು. ಚಪ್ಪಡಿಯ ಹತ್ತಿರ ಬಂದು ಬಗ್ಗಿ ನೋಡಿದರು, ಒಂದು ಸುತ್ತು ಬಂದು ಆ ಕಡೆಯಿಂದಲೂ ನೋಡಿದರು. ಆಮೇಲೆ ಮಗನಿಗೆ ಹೇಳಿದರು:

"ಬರೋಳೋ ಹೋಗೋಳೋ ಯಾರಿಗೂ ಗೊತ್ತಿಲ್ಲ ಅಂತಾಯ್ತು. ಕಾಲಲ್ಲಿ ಚಪ್ಪಲಿ ಇರ್ಲಿಲ್ಲ ಅನ್ನೋದು ಕಾಣ್ತದಲ್ಲ. ಚಪ್ಪಲಿ ಇಲ್ದೋಳು ಮೊಬೈಲ್ ಅಂಗಡೀಲಿ ಎಂತ ಮಾಡ್ತಾಳೆ?"

ಸುರೇಶ ಗೌಡರು ಮೊಬೈಲಿನ ಯುವಕನಿಗೆ ಮಹಡಿಯ ಮೆಟ್ಟಿಲು ತೋರಿಸಿದರು. ಶೇಖರ ಮಾತ್ರ ತನ್ನ ಕೆಲಸ ನೋಡುವವನು, ಹಾಗಾದರೆ ಯಾವ ಕಡೆಗೆ ಕೂರಿಸಲಿ ಎಂದು ಕೇಳಿದ. ನಿನಗೆ ಹೇಗೆ ಅನುಕೂಲವೋ ಹಾಗೆ ಎಂದು ಗೌಡ್ರಮ್ಮ ಕಾರು ಹತ್ತಿದರು.

ಈಗ ಅಲ್ಲಿ ಹೊಳೆಯುವ ಟೈಲ್ಸ್ ನೆಲ. ನಡುವೆ ಒಂದು ಚೌಕ ಮಾತ್ರ ಹಳೆಯ ಸಿಮೆಂಟು. ಬೆರಳುಗಳು ಒಳಗಡೆಗಿವೆ, ಗಂಬೂಟುಗಳ ಕಡೆ ಸ್ವಲ್ಪ ವಾಲಿಕೊಂಡು. ಶೇಖರನ ಅನುಕೂಲ ಅದು. ಮೊಬೈಲಿನವರು ಮಹಡಿಗೆ ಹೋದರು, ಅವರ ವ್ಯಾಪಾರಕ್ಕೆ ಏನೂ ಕಡಿಮೆಯಾಗಿಲ್ಲ. ಶುಕ್ರವಾರದ ಹೆಂಗಸರು ಮೊದಲು ಹೀಗೇ ಇತ್ತು, ಸರಿಯಾಗಿ ಕೂರಿಸಿದ್ದಾರೆ ಎನ್ನುತ್ತಾರೆ. ದರ್ಜಿಯೂ ಈಗ ಹಾಗೇ ಎನ್ನುತ್ತಾನೆ. ನನಗೂ ಹೊಸ್ತಿಲ ಬಳಿ ಬರಿಗಾಲಲ್ಲಿ ನಿಂತ ಆ ನೆನಪಿನಲ್ಲಿ ಬೆರಳುಗಳು ಮೆಲ್ಲಗೆ ಆಚೆ ತಿರುಗುತ್ತಿವೆ, ಇನ್ನೊಂದು ವರ್ಷ ಹೋದರೆ ಪೂರ್ತಿ ತಿರುಗಿಬಿಡುತ್ತವೆ. ಅದಕ್ಕೆ ಮೊದಲು ಬರೆದಿಡೋಣ ಎಂದು ಕೂತೆ.

ಮೊನ್ನೆ ಒಂದು ಜೊತೆ ಚಪ್ಪಲಿಗೆಂದು ಹೋದಾಗ ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಈಗಲಾದರೂ ಹೇಳಿ, ನಿಮಗೆ ಗೊತ್ತಿತ್ತಲ್ಲವೇ ಎಂದು ಹಮೀದಣ್ಣನನ್ನು ಕೇಳಿದೆ. ಅವರು ನನ್ನ ಪಾದ ನೋಡಿ, ಎಡಗಾಲು ಬಲಗಾಲಿಗಿಂತ ಸ್ವಲ್ಪ ದೊಡ್ಡದಾಗಿದೆ, ವಯಸ್ಸಾದ ಹಾಗೆ ಹಾಗಾಗುತ್ತದೆ ಎಂದರು. ನಾನು ಮತ್ತೆ ಕೇಳಿದೆ. ಮೆಟ್ಟಿ ನಡೆದು ನೋಡು ಎಂದರು. ನಡೆದು ನೋಡಿದೆ, ಸರಿಯಾಗಿತ್ತು, ಕೊಂಡು ಬಂದೆ.

ಅಮ್ಮ ಒಳಗೆ ಬರುತ್ತಿದ್ದಳು ಎಂದು ಗೊತ್ತಿದ್ದೂ ಅವರು ಸುಮ್ಮನಿದ್ದರೆ ಅದು ದೊಡ್ಡ ಮನುಷ್ಯನ ಗುಣ. ಹೊರಗೆ ಹೋಗುತ್ತಿದ್ದಳು ಎಂದು ಗೊತ್ತಿದ್ದು ಸುಮ್ಮನಿದ್ದರೆ ಅದು ಅಂಗಡಿ ಉಳಿಸಿಕೊಳ್ಳಬೇಕಾದವನ ಜಾಣತನ. ಎರಡಕ್ಕೂ ಅವರು ಬಾಗಿಲಲ್ಲಿ ನಿಂತು ಹೇಳಿದ ಮಾತು ಹೊಂದುತ್ತದೆ. ಅವರಿಗೆ ಗೊತ್ತಿತ್ತು ಎಂದು ನನಗೆ ಅನ್ನಿಸುತ್ತದೆ. ಯಾವುದು ಗೊತ್ತಿತ್ತು ಎಂಬುದು ನನಗೆ ಗೊತ್ತಿಲ್ಲ.